ಅರ್ಧ ತೊಲ ಮದ್ದು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎರಡು ಅರ್ಥ. ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟ ನಮ್ಮ ಹಿರಿಯರನ್ನು ನೆನೆದು ನಾನೂ ನನ್ನ ವಿದ್ಯಾರ್ಥಿಗಳೂ ತರಗತಿಯಲ್ಲಿ ಎಷ್ಟೋ ಸಲ ನಕ್ಕಿದ್ದುಂಟು. ಆದರೆ ಇದು ಕನ್ನಡವೊಂದರ ಸೊತ್ತಲ್ಲ. ತಮಿಳರ ವೆಡಿಮರುಂದು, ತೆಲುಗರ ಮಂದು, ಇವೆರಡೂ ಮೂಲದಲ್ಲಿ ಔಷಧವೇ. ಮರಾಠಿಯ ದಾರೂ ಹೆಂಡವೂ ಹೌದು, ಸಿಡಿಮದ್ದೂ ಹೌದು. ಅದರ ಪಾರಸಿ ಮೂಲಕ್ಕೆ ಔಷಧವೆಂದೇ ಅರ್ಥ. ಚೀನೀ ಭಾಷೆಯಲ್ಲಿ ಈ ವಸ್ತುವಿನ ಹೆಸರು ‘ಹುವೋ ಯಾವೋ’, ಎಂದರೆ ಬೆಂಕಿಯ ಔಷಧ. ಸಾವಿಲ್ಲದಂತೆ ಮಾಡುವ ರಸಾಯನವನ್ನು ಹುಡುಕುತ್ತಿದ್ದ ಚೀನದ ರಸವಾದಿಗಳ ಕೈಗೆ 9ನೆಯ ಶತಮಾನದ ಹೊತ್ತಿಗೆ ಸಿಕ್ಕಿದ್ದು ಇದು. ಹೆಸರು ಮಾತ್ರ ಆ ಹುಡುಕಾಟದ ಗುರುತಾಗಿ ಉಳಿದುಬಂತು.

ಮದ್ದೆಂದೊಡನೆ ನಮಗೆ ಕೋಟೆ, ಬತೇರಿ, ಫಿರಂಗಿಗಳ ನೆನಪಾಗುತ್ತದೆ. ನಾನು ಈಗ ಹೇಳಹೊರಟಿರುವುದು ಅಷ್ಟು ದೊಡ್ಡ ಸಂಗತಿಯಲ್ಲ. ಬೆರಳು ಗಾತ್ರದ ಹಿತ್ತಾಳೆಯ ತೋಟೆಯೊಂದರಲ್ಲಿ ಹಿಡಿಸುವ ಅರ್ಧ ತೊಲ ಕಪ್ಪು ಮದ್ದು, ಅದೂ ದಪ್ಪ ಕಾಳಿನ ಮದ್ದು, ಮತ್ತು ಅದನ್ನು ಸುಡುತ್ತಿದ್ದ ರೈಫಲ್ಲುಗಳು ನನ್ನ ವಿಷಯ. ಇವು ಮೆರೆದದ್ದು 1866ರ ಸುಮಾರಿನಿಂದ 1890ರ ಸುಮಾರಿನವರೆಗೆ, ಹೆಚ್ಚೆಂದರೆ ಕಾಲು ಶತಮಾನ. ಅಷ್ಟರಲ್ಲಿ ಮನುಷ್ಯನ ಕೈ ಅವನ ಕಣ್ಣಿಗಿಂತಲೂ ಉದ್ದವಾಗಿ ಬೆಳೆದುಬಿಟ್ಟಿತು.

ಕಪ್ಪು ಮದ್ದಿನಲ್ಲಿರುವುದು ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಇಂಗ್ಲಿಷರು ನೆಚ್ಚಿದ ಲೆಕ್ಕ. ಇದ್ದಿಲು ಉರಿಯುವ ಸೌದೆ. ಗಂಧಕ ಕಿಡಿಯನ್ನು ಬೇಗ ಹಿಡಿಯುತ್ತದೆ. ಪೆಟ್ಲುಪ್ಪು ಉರಿಗೆ ಬೇಕಾದ ಪ್ರಾಣವಾಯುವನ್ನು ತನ್ನೊಡಲಲ್ಲೇ ಹೊತ್ತು ತರುತ್ತದೆ. ಮುಚ್ಚಿದ ನಳಿಗೆಯೊಳಗೂ ಮದ್ದು ಉರಿಯುವುದು ಈ ಕಾರಣದಿಂದ. ಚಿತ್ರದುರ್ಗದ ಕೋಟೆಯನ್ನು ಸುತ್ತಿದವರು ಅಲ್ಲಿ ಮದ್ದು ಬೀಸುವ ಭಾರಿ ಕಲ್ಲುಗಳನ್ನು ಕಂಡಿರುತ್ತಾರೆ. ಮೂರೂ ವಸ್ತುಗಳು ಒಂದರೊಳಗೊಂದು ಬೆರೆಯುವಂತೆ ಬೀಸಬೇಕು. ಅದೇ ಒಂದು ವಿದ್ಯೆ. ಆದರೆ ವಿದ್ಯೆ ಅಲ್ಲಿಗೇ ಮುಗಿಯುವುದಿಲ್ಲ. ಹಿಟ್ಟಿನಂಥ ಮದ್ದಿಗೆ ಎರಡು ದೋಷಗಳಿವೆ. ಗಾಡಿಯ ಕುಲುಕಾಟಕ್ಕೆ ಅದರ ಭಾಗಗಳು ಮತ್ತೆ ಬೇರ್ಪಡುತ್ತವೆ. ಅದುಮಿ ತುಂಬಿದರೆ ಬೆಂಕಿ ಒಳನುಗ್ಗಲು ಸಂದಿಲ್ಲದೆ ಸುರುಸುರು ಎಂದು ಅರೆಮನಸ್ಸಿನಿಂದ ಉರಿಯುತ್ತದೆ. 15ನೆಯ ಶತಮಾನದಲ್ಲಿ ಯೂರೋಪಿನವರು ಇದಕ್ಕೆ ಉಪಾಯ ಕಂಡುಕೊಂಡರು. ಹಿಟ್ಟನ್ನು ನೆನೆಸಿ, ಮುದ್ದೆ ಮಾಡಿ, ಒಣಗಿಸಿ, ಒಡೆದು, ಜರಡಿ ಹಿಡಿದು ಕಾಳು ಮಾಡುವುದು ಆ ಉಪಾಯ. 

ಕಾಳಿನ ಗಾತ್ರದಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಮದ್ದಿನ ಕಾಳು ಹೊರಮೈಯಿಂದ ಒಳಕ್ಕೆ ಉರಿಯುತ್ತದೆ. ಬಚ್ಚಲ ಒಲೆಗೆ ಇಡೀ ಕೊರಡನ್ನು ಇಟ್ಟರೆ ಅದು ಹಂಡೆ ನೀರು ಕಾಯುವವರೆಗೂ ನಿಧಾನವಾಗಿ ಉರಿಯುತ್ತದೆ. ಅದೇ ಕೊರಡನ್ನು ಸೀಳಿ ಚಕ್ಕೆ ಮಾಡಿ ಹಾಕಿದರೆ ಭಗ್ಗೆಂದು ಎದ್ದು ಆರಿಹೋಗುತ್ತದೆ. ಸೌದೆಯ ತೂಕ ಒಂದೇ, ಮೈ ಹೆಚ್ಚಾಯಿತು, ಅಷ್ಟೆ. ಮದ್ದಿನಲ್ಲಿಯೂ ಹಾಗೆಯೇ. ನಮ್ಮ ಅಂಗಡಿಗಳಲ್ಲಿ ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಇಡ್ಲಿ ರವೆ ಎಂದು ವಿಂಗಡಿಸುವ ಹಾಗೆ ಪಶ್ಚಿಮದವರು ಮದ್ದಿನ ಕಾಳನ್ನು ‘ಎಫ್’ ಅಕ್ಷರದಿಂದ ವಿಂಗಡಿಸುತ್ತಾರೆ. ಎಫ್ ಹೆಚ್ಚಿದಷ್ಟೂ ಕಾಳು ನಯ. ಮೂರು ಎಫ್‌ನದು ಪಿಸ್ತೂಲಿಗೆ. ಒಂದು ಎಫ್, ಎರಡು ಎಫ್‌ನದು ದೊಡ್ಡ ರೈಫಲ್ಲಿಗೆ. ಒಂದು ಎಫ್‌ನ ಕಾಳು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ನಯವಾದ ಕಾಳು ಒಮ್ಮೆಗೇ ಉರಿದು ಒತ್ತಡವನ್ನು ಥಟ್ಟನೆ ಏರಿಸುತ್ತದೆ. ಉದ್ದನೆಯ ಸೀಸದ ಗುಂಡು ಅಲುಗುವ ಮೊದಲೇ ಅದರ ಬುಡ ಜಜ್ಜಿ ಹೋಗಬಹುದು. ದಪ್ಪ ಕಾಳು ತಡೆತಡೆದು ಉರಿಯುತ್ತದೆ. ಅದು ಗುಂಡನ್ನು ಗುದ್ದುವುದಿಲ್ಲ, ನಳಿಗೆಯ ಉದ್ದಕ್ಕೂ ದೂಡಿಕೊಂಡು ಹೋಗುತ್ತದೆ. ಇದನ್ನು ಅಳೆದು ತೋರಿಸಿದವನು ಅಮೆರಿಕದ ಸೇನಾಧಿಕಾರಿ ಥಾಮಸ್ ರಾಡ್‌ಮನ್. 1850ರ ದಶಕದ ಕೊನೆಯಲ್ಲಿ ಅವನು ಫಿರಂಗಿಯೊಳಗಿನ ಒತ್ತಡವನ್ನು ಅಳೆಯುವ ಸಾಧನ ಮಾಡಿ, ದೊಡ್ಡ ಫಿರಂಗಿಗೆ ದೊಡ್ಡ ಕಾಳು ಬೇಕೆಂದು ಸ್ಥಾಪಿಸಿದ. ಡ್ಯೂಪಾಂಟ್ ಕಾರ್ಖಾನೆಯವರು ಅವನಿಗಾಗಿ ಸಣ್ಣ ಅಡಕೆಯಷ್ಟು ದಪ್ಪದ ಕಾಳಿನ ಮದ್ದನ್ನು ತಯಾರಿಸಿ ಅದಕ್ಕೆ ‘ಮ್ಯಾಮತ್’ ಎಂದು ಹೆಸರಿಟ್ಟರು. 

ಇಂಗ್ಲಿಷಿನಲ್ಲಿ ‘ಗ್ರೇನ್’ ಎಂದರೆ ಕಾಳೂ ಹೌದು, ಒಂದು ತೂಕವೂ ಹೌದು. ನಾವು ಗುಲಗಂಜಿಯಿಂದ ಚಿನ್ನ ತೂಗಿದಂತೆ ಅವರು ಬಾರ್ಲಿ ಕಾಳಿನಿಂದ ತೂಗಿದರು. ಬ್ರಿಟಿಷರ ಕಾಲದಲ್ಲಿ ನಮ್ಮ ತೊಲವನ್ನು 180 ಗ್ರೇನ್ ಎಂದು ಗೊತ್ತುಮಾಡಿದ್ದರಿಂದ ಆ ಕಾಲದ ತೋಟೆಗಳ ಲೆಕ್ಕ ನಮಗೆ ಸುಲಭ. ತೋಟೆಯ ಹೆಸರಿನಲ್ಲೇ ಅದರ ಜಾತಕವಿರುತ್ತಿತ್ತು. 1873ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ‘45-70’ ಎಂದರೆ ಅಂಗುಲದ ನೂರರಲ್ಲಿ 45 ಪಾಲು ಅಗಲದ ಗುಂಡು, 70 ಗ್ರೇನ್ ಮದ್ದು. ಬ್ರಿಟಿಷರು 1871ರಲ್ಲಿ ಸ್ವೀಕರಿಸಿದ ಮಾರ್ಟಿನಿ-ಹೆನ್ರಿಯಲ್ಲಿ 85 ಗ್ರೇನ್. ಅಮೆರಿಕದ ಷಾರ್ಪ್ಸ್ ಕಂಪೆನಿಯವರು 1872ರಲ್ಲಿ ಹೊರತಂದ ‘50-90’ರಲ್ಲಿ 90 ಗ್ರೇನ್, ಅಂದರೆ ಸರಿಯಾಗಿ ಅರ್ಧ ತೊಲ. ಅದರ ಮುಂದೆ ಕೂರುತ್ತಿದ್ದ ಗುಂಡು ಎರಡು ತೊಲವೋ ಎರಡೂವರೆ ತೊಲವೋ. ಒಬ್ಬ ಬಡ ಹೆಣ್ಣುಮಗಳ ಮದುವೆಗೆ ಸಾಕಾಗುವಷ್ಟು ಚಿನ್ನದ ತೂಕ.

ಈ ಮದ್ದಿನ ಮುಕ್ಕಾಲು ಪಾಲು ಬಹುಕಾಲ ನಮ್ಮ ದೇಶದ ಮಣ್ಣಿನಿಂದ ಹೋಗುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕು. ಬಿಹಾರದ ಹಳ್ಳಿಗಳಲ್ಲಿ ದನದ ಕೊಟ್ಟಿಗೆಗಳ ಸುತ್ತ, ಹಳೆಯ ಮಣ್ಣಿನ ಗೋಡೆಗಳ ಬುಡದಲ್ಲಿ, ಬೇಸಗೆಯಲ್ಲಿ ಬಿಳಿಯ ಉಪ್ಪು ಹೂಬಿಟ್ಟಂತೆ ಏಳುತ್ತದೆ. ನೋನಿಯಾ ಜನ ಅದನ್ನು ಕೆರೆದು, ನೀರಿನಲ್ಲಿ ಸೋಸಿ, ಕಾಯಿಸಿ ಪೆಟ್ಲುಪ್ಪು ಮಾಡುತ್ತಿದ್ದರು. ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿ ಆ ವ್ಯಾಪಾರವನ್ನು ತನ್ನೊಬ್ಬರ ಹಕ್ಕಾಗಿ ಮಾಡಿಕೊಂಡಿತು. ಮುಂದೆ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಉತ್ತರದ ಸರ್ಕಾರ ಲ್ಯಾಮಟ್ ಡ್ಯೂಪಾಂಟ್ ಎಂಬ ಮದ್ದಿನ ಕಾರ್ಖಾನೆಯವನನ್ನು 1861ರಲ್ಲಿ ಗುಟ್ಟಾಗಿ ಇಂಗ್ಲೆಂಡಿಗೆ ಕಳಿಸಿ, ಅಲ್ಲಿ ಸಂಗ್ರಹವಾಗಿದ್ದ ಭಾರತದ ಪೆಟ್ಲುಪ್ಪನ್ನು ಸಾರಾಸಗಟಾಗಿ ಕೊಳ್ಳಿಸಿತು. ಗುಲಾಮಗಿರಿಯನ್ನು ಕೊನೆಗಾಣಿಸಿದ ಯುದ್ಧದ ಹೊಗೆಯಲ್ಲಿ ಬಿಹಾರದ ಕೊಟ್ಟಿಗೆಯ ಮಣ್ಣೂ ಇತ್ತು. ನೋನಿಯಾಗಳಿಗೆ ಆ ಸುದ್ದಿ ತಲುಪಿದ್ದಿರಲಾರದು.

ಇನ್ನು ಮಸಿಯ ಮಾತು. ಕಪ್ಪು ಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಹೆಚ್ಚಿನದು ಹೊಗೆಯಾಗಿ ಹೊರಬೀಳುತ್ತದೆ, ಉಳಿದದ್ದು ನಳಿಗೆಯ ಒಳಗೋಡೆಗೆ ಅಂಟಿ ಗಟ್ಟಿಯಾಗುತ್ತದೆ. ರೈಫಲ್ಲಿನ ಜೀವವಿರುವುದು ಒಳಗೆ ಕೊರೆದ ಸುರುಳಿ ಗೆರೆಗಳಲ್ಲಿ. ಗುಂಡು ಬುಗುರಿಯಂತೆ ತಿರುಗಿ ನೆಟ್ಟಗೆ ಹೋಗುವುದು ಅವುಗಳಿಂದ. ಮಸಿ ಆ ಗೆರೆಗಳನ್ನು ಮುಚ್ಚಿತೆಂದರೆ ಗುರಿ ತಪ್ಪುತ್ತದೆ, ಮುಂದಿನ ಗುಂಡು ತೂರುವುದೇ ಕಷ್ಟವಾಗುತ್ತದೆ. ಆದ್ದರಿಂದ ಗುಂಡಿಗೆ ಜಿಡ್ಡು ಹಚ್ಚಲೇಬೇಕು. 1857ರಲ್ಲಿ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟೆಗೆ ಹಚ್ಚಿದ್ದು ಇದೇ ಜಿಡ್ಡು. ಅದು ದನದ ಕೊಬ್ಬೇ, ಹಂದಿಯ ಕೊಬ್ಬೇ ಎಂಬ ಶಂಕೆಯಿಂದ ಎದ್ದ ಬೆಂಕಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ತೋಟೆಗೆ ಕೊಬ್ಬೇಕೆ ಬೇಕಾಗಿತ್ತು ಎಂಬುದನ್ನು ನಮಗೆ ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಅದು ಕಪ್ಪು ಮದ್ದಿನ ಮಸಿಗಾಗಿ.

ಆ ಬಂಡಾಯ ಅಡಗಿದ ಮೇಲೆ ಬ್ರಿಟಿಷರು ಮಾಡಿದ ಒಂದು ಕೆಲಸ ಕುತೂಹಲಕರವಾಗಿದೆ. ಭಾರತೀಯ ಸಿಪಾಯಿಗಳಿಗಾಗಿ ಅವರು ಎನ್‌ಫೀಲ್ಡ್ ಮಾದರಿಯ ಕೋವಿಯನ್ನೇ ಮಾಡಿಸಿದರು. ಆದರೆ ಅದರ ನಳಿಗೆಯಲ್ಲಿ ಸುರುಳಿ ಗೆರೆಗಳಿರಲಿಲ್ಲ. ಹೊರಗಿನಿಂದ ನೋಡಿದರೆ ಅದೇ ಕೋವಿ, ಒಳಗೆ ನುಣುಪು. ನೂರು ಗಜದಾಚೆ ಅದನ್ನು ನೆಚ್ಚುವಂತಿರಲಿಲ್ಲ. ಅನಂತರವೂ ಗೋರಾ ಪಲ್ಟನ್ನಿಗೆ ಮಾರ್ಟಿನಿ ಬಂದಾಗ ಸಿಪಾಯಿಗೆ ಹಳೆಯ ಸ್ನೈಡರ್. ಗೋರಾಗಳಿಗೆ ಹೊಸ ಮ್ಯಾಗಜೀನ್ ರೈಫಲ್ ಬಂದಾಗ ಸಿಪಾಯಿಗೆ ಮಾರ್ಟಿನಿ. ನಮ್ಮ ಹಲಗಲಿಯ ಬೇಡರಿಂದ 1857ರಲ್ಲಿ ಆಯುಧಗಳನ್ನೇ ಕಸಿಯಹೊರಟರು. ಸಿಪಾಯಿಯ ಕೈಯಿಂದ ಕೋವಿಯನ್ನು ಕಸಿಯಲಿಲ್ಲ, ದೂರವನ್ನು ಮಾತ್ರ ಕಸಿದರು. ಆಯುಧದ ಚರಿತ್ರೆಯಲ್ಲಿ ಯಾರಿಗೆ ಎಷ್ಟು ದೂರವನ್ನು ಕೊಡಬೇಕೆಂಬ ಪ್ರಶ್ನೆ, ಯಾರಿಗೆ ಎಷ್ಟು ಭೂಮಿ ಎಂಬುದರಷ್ಟೇ ರಾಜಕೀಯವಾದದ್ದು ಎಂದು ನನಗೆ ತೋರುತ್ತದೆ.

ಈ ದೂರದ ಕಥೆ ಅತ್ಯಂತ ಸ್ಪಷ್ಟವಾಗಿ ಓದಸಿಗುವುದು ಅಮೆರಿಕದಲ್ಲಿ, ಅದೂ 1874 ಎಂಬ ಒಂದೇ ವರ್ಷದಲ್ಲಿ.

ಆ ವರ್ಷ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಸಮೀಪ ಕ್ರೀಡ್‌ಮೋರ್ ಎಂಬಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ಗುರಿಯ ಪಂದ್ಯ ನಡೆಯಿತು. ಐರಿಷರು ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ವಿಂಬಲ್ಡನ್‌ನಲ್ಲಿ ಎಲ್ಕೋ ಫಲಕವನ್ನು ಗೆದ್ದು ಬಂದ ಘಟಾನುಘಟಿಗಳು. ಅವರ ಕೈಯಲ್ಲಿದ್ದುದು ರಿಗ್ಬಿ ರೈಫಲ್. ಬಾಯಿಯಿಂದ ಮದ್ದು ಸುರಿದು ಗಜದಿಂದ ಗುಂಡನ್ನು ಇಳಿಸುವ ಹಳೆಯ ಪದ್ಧತಿ. ಅಮೆರಿಕದವರು ತಂದದ್ದು ಹಿಂದಿನಿಂದ ಹಿತ್ತಾಳೆ ತೋಟೆ ತೂರಿಸುವ ರೆಮಿಂಗ್ಟನ್ ಮತ್ತು ಷಾರ್ಪ್ಸ್. ತೋಟೆ ಕೋವಿ ಸೈನಿಕನಿಗೆ ಅನುಕೂಲ, ನಿಜವಾದ ಗುರಿಗಾರನಿಗೆ ಅಲ್ಲ ಎಂಬುದು ಆಗಿನ ತಿಳಿದವರ ಮಾತು. ತಂಡಕ್ಕೆ ಆರು ಮಂದಿ. 800, 900, 1000 ಗಜಗಳ ದೂರದಿಂದ ಒಬ್ಬೊಬ್ಬರಿಗೂ ಹದಿನೈದು ಹದಿನೈದು ಗುಂಡು. 1000 ಗಜವೆಂದರೆ ಮೈಲಿಯ ಅರ್ಧಕ್ಕಿಂತ ಹೆಚ್ಚು. ಗುಂಡು ಅಲ್ಲಿಗೆ ತಲುಪಲು ಮೂರು ಸೆಕೆಂಡಿಗೂ ಮಿಕ್ಕ ಹೊತ್ತು ಬೇಕು. ಅಷ್ಟರಲ್ಲಿ ಗಾಳಿ ಮನಸ್ಸು ಬದಲಾಯಿಸಿದರೆ ಮುಗಿಯಿತು. ಸಾವಿರಾರು ಜನ ನೆರೆದಿದ್ದರು. 

ಪಂದ್ಯದ ನಡುವೆ ಐರಿಷ್ ತಂಡದ ಮಿಲ್ನರ್ ಎಂಬಾತ ಗುರಿಯ ನಡುವಿನ ಕಣ್ಣಿಗೇ ಹೊಡೆದ. ಆದರೆ ಹೊಡೆದದ್ದು ಪಕ್ಕದ ಗುರಿಗೆ, ಅಂಕ ಸೊನ್ನೆ. ಕೊನೆಗೆ ಐರಿಷರ ಒಟ್ಟು ಅಂಕ 931ಕ್ಕೆ ನಿಂತಿತು, ಅಮೆರಿಕದವರದು 930. ಉಳಿದದ್ದು ಒಂದೇ ಗುಂಡು, ಕರ್ನಲ್ ಜಾನ್ ಬೋಡೈನ್‌ನದು. ಅವನು ಬಾಯಾರಿಕೆಗೆಂದು ಹಿಡಿದಿದ್ದ ಜಿಂಜರ್ ಬಿಯರಿನ ಸೀಸೆ ಒಡೆದು ಅಂಗೈ ಕತ್ತರಿಸಿ ರಕ್ತ ಹರಿಯುತ್ತಿತ್ತು. ಕರವಸ್ತ್ರ ಸುತ್ತಿಕೊಂಡು ಮಲಗಿ, ಗುರಿಯಿಟ್ಟು ಹೊಡೆದ. ನಡುಗಣ್ಣು, ನಾಲ್ಕು ಅಂಕ. 934ಕ್ಕೆ 931. ಮಿಲ್ನರನ ಗುಂಡು ಸರಿಯಾದ ಗುರಿಗೆ ತಾಗಿದ್ದರೆ ಐರಿಷರು ಒಂದಂಕದಿಂದ ಗೆಲ್ಲುತ್ತಿದ್ದರು. ತೋಟೆ ಕೋವಿಯ ದಿಗ್ವಿಜಯವೆಂದು ಪತ್ರಿಕೆಗಳು ಹೊಗಳಿದ್ದರ ಹಿಂದೆ ಇದ್ದದ್ದು ಇಷ್ಟು ಸಣ್ಣ ಅಂತರ. ಆದರೂ ಇದು ಸೊಗಸಾದ ಕಥೆ. ಸೋತವರೂ ಗೆದ್ದವರೂ ಅದನ್ನು ಬಹುಕಾಲ ಹೇಳಿಕೊಂಡರು.

ಇನ್ನೊಂದು ಕಥೆ ಅಷ್ಟು ಸೊಗಸಾದದ್ದಲ್ಲ. ಅಮೆರಿಕದ ಬಯಲುಗಳ ಬೈಸನ್ ಪ್ರಾಣಿಯನ್ನು ಅಲ್ಲಿಯವರು ಬಫೆಲೊ ಎನ್ನುತ್ತಾರೆ. ನಮ್ಮ ಮಲೆನಾಡಿನ ಕಾಟಿಯನ್ನೂ ಇಂಗ್ಲಿಷರು ಬೈಸನ್ ಎಂದು ಕರೆದು ಗೊಂದಲ ಮಾಡಿಟ್ಟಿದ್ದಾರೆ. ಎರಡೂ ಬೇರೆ ಬೇರೆ. 19ನೆಯ ಶತಮಾನದ ಮೊದಲಲ್ಲಿ ಆ ಬಯಲುಗಳಲ್ಲಿ ಇವುಗಳ ಸಂಖ್ಯೆ ಕೋಟಿಗಳಲ್ಲಿತ್ತು. 1871ರ ಸುಮಾರಿಗೆ ಇವುಗಳ ಚರ್ಮವನ್ನು ಹದಮಾಡಿ ಕಾರ್ಖಾನೆಯ ಯಂತ್ರಗಳಿಗೆ ಪಟ್ಟಿ ಮಾಡಬಹುದೆಂದು ಗೊತ್ತಾಯಿತು. 1872ರಲ್ಲಿ ರೈಲು ಡಾಜ್ ಸಿಟಿಯನ್ನು ತಲುಪಿತು. ಅದೇ ವರ್ಷ ಷಾರ್ಪ್ಸ್‌ನವರ ಅರ್ಧ ತೊಲದ ತೋಟೆ ಹೊರಬಂತು. ಮೂರೂ ಒಂದಕ್ಕೊಂದು ಕಾದಿದ್ದಂತೆ ಕೂಡಿದವು.

ಬೇಟೆಗಾರ ಹಿಂಡಿನಿಂದ ಇನ್ನೂರು ಮುನ್ನೂರು ಗಜ ದೂರದಲ್ಲಿ, ಗಾಳಿಗೆ ಎದುರಾಗಿ ಮಲಗುತ್ತಿದ್ದ. ಕವೆಗೋಲಿನ ಮೇಲೆ ಭಾರವಾದ ನಳಿಗೆಯನ್ನು ಇಟ್ಟು ಮೊದಲು ಹಿಂಡನ್ನು ನಡೆಸುವ ಹಿರಿಯ ಹೆಣ್ಣನ್ನು ಪುಪ್ಪುಸಕ್ಕೆ ಹೊಡೆಯುತ್ತಿದ್ದ. ಅದು ಓಡದೆ ನಿಂತು ರಕ್ತ ಕಾರುತ್ತಿತ್ತು. ಉಳಿದವು ಸುತ್ತ ನೆರೆದು ಮೂಸುತ್ತಿದ್ದವು. ಶತ್ರು ಹತ್ತಿರವಿರುತ್ತಾನೆಂಬುದು ಆ ಪ್ರಾಣಿಗಳಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದ ಪಾಠ. ದೂರದಿಂದ ಕೇಳುವ ಒಂದು ಗುಡುಗು, ಒಂದು ಬಿಳಿಯ ಹೊಗೆ, ಇವಕ್ಕೂ ತನ್ನ ಪಕ್ಕದವಳು ಮಂಡಿಯೂರಿದ್ದಕ್ಕೂ ಸಂಬಂಧವಿದೆಯೆಂದು ಅವಕ್ಕೆ ತಿಳಿಯಲಿಲ್ಲ. ಒಂದಾದ ಮೇಲೊಂದು ನಿಂತಲ್ಲಿಯೇ ಬಿದ್ದವು. ನಳಿಗೆ ಕಾದಾಗ, ಮಸಿ ಕಟ್ಟಿದಾಗ ಬೇಟೆಗಾರ ನೀರು ಹಾಕಿ ಒರೆಸಿಕೊಳ್ಳುತ್ತಿದ್ದ. ಸಂಜೆ ಬೆಂಕಿಯ ಮುಂದೆ ಕುಳಿತು ಸೀಸ ಕರಗಿಸಿ ಗುಂಡು ಎರೆದು, ಖಾಲಿ ತೋಟೆಗಳಿಗೆ ಮತ್ತೆ ಮದ್ದು ತುಂಬುತ್ತಿದ್ದ. ಇದರಲ್ಲಿ ಕ್ರೌರ್ಯದ ಸಂಭ್ರಮವಿರಲಿಲ್ಲ, ಇದು ದುಡಿಮೆಯಾಗಿತ್ತು. ನನ್ನ ಮನಸ್ಸನ್ನು ಕಲಕುವುದು ಅದೇ.

1874ರಲ್ಲಿ ಅಮೆರಿಕದ ಸಂಸತ್ತು ಬಫೆಲೊಗಳ ರಕ್ಷಣೆಗಾಗಿ ಒಂದು ಮಸೂದೆಯನ್ನು ಒಪ್ಪಿತು. ಅಧ್ಯಕ್ಷ ಗ್ರಾಂಟ್ ಸಹಿ ಹಾಕದೆ ಇಟ್ಟುಕೊಂಡದ್ದರಿಂದ ಅದು ಸತ್ತಿತು. ಅದೇ ಜೂನ್ 27ರಂದು, ತಮಗೆ ಬಿಟ್ಟುಕೊಟ್ಟ ಬೇಟೆಯ ನೆಲಕ್ಕೂ ಚರ್ಮದ ಬೇಟೆಗಾರರು ನುಗ್ಗಿದ್ದನ್ನು ಕಂಡು ಕಾಮಾಂಚಿ, ಷೈಯೆನ್, ಕಯೋವಾ ಜನ ಟೆಕ್ಸಾಸಿನ ಅಡೋಬಿ ವಾಲ್ಸ್ ಎಂಬ ಬೇಟೆಗಾರರ ಠಾಣ್ಯದ ಮೇಲೆ ದಾಳಿಯಿಟ್ಟರು. ಒಳಗಿದ್ದವರು 28 ಗಂಡಸರು, ಒಬ್ಬ ಹೆಂಗಸು; ಹೊರಗೆ ಕ್ವಾನಾ ಪಾರ್ಕರನ ಮುಂದಾಳುತನದಲ್ಲಿ ನೂರಾರು ಸವಾರರು. ಷಾರ್ಪ್ಸ್ ಕೋವಿಗಳ ಮುಂದೆ ಸವಾರರು ಹತ್ತಿರ ಸುಳಿಯಲಾಗಲಿಲ್ಲ. ಮೂರನೆಯ ದಿನ ದೂರದ ದಿಣ್ಣೆಯ ಮೇಲೆ ಒಂದು ಗುಂಪು ಕಾಣಿಸಿದಾಗ ಬಿಲ್ಲಿ ಡಿಕ್ಸನ್ ಎಂಬವನು ಎರವಲು ಪಡೆದ ‘50-90’ರಿಂದ ಒಂದು ಗುಂಡು ಹಾರಿಸಿದ, ಒಬ್ಬ ಕುದುರೆಯಿಂದ ಉರುಳಿದ. ಆಮೇಲೆ ಅಳೆದಾಗ ಆ ದೂರ 1538 ಗಜವೆಂದಾಯಿತಂತೆ. ಡಿಕ್ಸನ್ ತಾನೇ ಅದನ್ನು ಅದೃಷ್ಟದ ಹೊಡೆತವೆಂದು ಕರೆದ. ನಮ್ಮ ಶಾಸ್ತ್ರದ ಮಾತಿನಲ್ಲಿ ಕಾಕತಾಳೀಯ. ಮರುವರ್ಷ ಜೂನಿನಲ್ಲಿ ಕ್ವಾನಾ ಪಾರ್ಕರ್ ತನ್ನವರೊಂದಿಗೆ ಶರಣಾದ. ಮುಂದಿನ ಕೆಲವೇ ವರ್ಷಗಳಲ್ಲಿ ದಕ್ಷಿಣದ ಹಿಂಡು ಮುಗಿಯಿತು, 1883ರ ಹೊತ್ತಿಗೆ ಉತ್ತರದ್ದೂ ಮುಗಿಯಿತು. 1889ರ ಜನವರಿಯ ಲೆಕ್ಕವಾಗಿ ವಿಲಿಯಂ ಹಾರ್ನಡೆ ಎಂಬ ಪ್ರಾಣಿಶಾಸ್ತ್ರಜ್ಞ ಇಡೀ ಉತ್ತರ ಅಮೆರಿಕದಲ್ಲಿ, ಸಾಕಿದವನ್ನೂ ಸೇರಿಸಿ, ಉಳಿದಿರುವ ಬಫೆಲೊಗಳು 1091 ಎಂದು ಬರೆದ. ಷಾರ್ಪ್ಸ್ ಕಂಪೆನಿ ಅಷ್ಟು ದಿನವೂ ಬಾಳಲಿಲ್ಲ. 1881ರಲ್ಲೇ ಬಾಗಿಲು ಹಾಕಿತ್ತು.

ದಪ್ಪ ಕಾಳಿನ ಕಾಲವೂ ಅಲ್ಲಿಗೆ ಮುಗಿಯುತ್ತ ಬಂದಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಬ್ರಿಟಿಷರ ‘303’ ರೈಫಲ್ 1888ರಲ್ಲಿ ಬಂದಾಗ ಅದರ ತೋಟೆಯಲ್ಲಿದ್ದುದು ಒತ್ತಿ ಗಟ್ಟಿಮಾಡಿದ ಕಪ್ಪು ಮದ್ದೇ. ಕೆಲವು ವರ್ಷಗಳಲ್ಲಿ ಅದರ ಜಾಗಕ್ಕೆ ಕಾರ್ಡೈಟ್ ಬಂತು. ಕೂನೂರಿನಿಂದ ಊಟಿಗೆ ಹೋಗುವ ಪುಟ್ಟ ರೈಲು ಅರುವಂಕಾಡಿನಲ್ಲಿ ನಿಲ್ಲುತ್ತದಲ್ಲ, ಅಲ್ಲಿಯ ಕಾರ್ಡೈಟ್ ಕಾರ್ಖಾನೆ 1903-04ರಲ್ಲಿ ಆರಂಭವಾದದ್ದು.

ಸತ್ತಿತೆಂದುಕೊಂಡ ವಿದ್ಯೆ ಈಗಲೂ ಹವ್ಯಾಸವಾಗಿ ಬದುಕಿದೆ. ಮಾಂಟಾನಾ ರಾಜ್ಯದ ಬಿಗ್ ಟಿಂಬರ್ ಎಂಬ ಸಣ್ಣ ಊರಿನಲ್ಲಿ ಹಳೆಯ ಷಾರ್ಪ್ಸ್‌ನ ಪ್ರತಿರೂಪಗಳನ್ನು ತಯಾರಿಸುತ್ತಾರೆ. 1990ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರ ಆ ಕೋವಿಗೆ ಹೊಸ ಭಕ್ತರನ್ನು ದೊರಕಿಸಿತು. ಅಮೆರಿಕದಲ್ಲಿ ಕಪ್ಪು ಮದ್ದು ಮಾಡುತ್ತಿದ್ದ ಗೋಯೆಕ್ಸ್ ಕಾರ್ಖಾನೆ 2021ರಲ್ಲಿ ನಿಂತಾಗ ಇವರೆಲ್ಲ ಕಂಗಾಲಾದರಂತೆ. ಮರುವರ್ಷ ಅದನ್ನು ಕೊಂಡು ಮತ್ತೆ ನಡೆಸಿದವರು ಆಟದ ರಾಕೆಟ್ ತಯಾರಿಸುವ ಸಂಸ್ಥೆಯವರು. ಶ್ರೀರಂಗಪಟ್ಟಣದ ರಾಕೆಟ್ಟಿನ ಕಥೆ ಬಲ್ಲ ನಮಗೆ ಆ ನಂಟು ಹೊಸದಲ್ಲ.

ಕೆಲವು ವರ್ಷಗಳ ಹಿಂದೆ ಕೊಲರಾಡೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನನ್ನನ್ನು ಇಂಥ ಒಂದು ಬಯಲಿಗೆ ಕರೆದುಕೊಂಡು ಹೋದರು. ಹೆಚ್ಚಿನವರು ನನ್ನ ವಯಸ್ಸಿನವರೇ. ಒಬ್ಬ ಮುದುಕರು ತೋಟೆ ತುಂಬುವುದನ್ನು ನೋಡಿದೆ. ಅಂಗಡಿಯ ತಕ್ಕಡಿಗಿಂತ ಸೂಕ್ಷ್ಮವಾದ ತಕ್ಕಡಿಯಲ್ಲಿ ಮದ್ದನ್ನು ತೂಗಿ, ಮೊಳಕ್ಕಿಂತ ಉದ್ದದ ಹಿತ್ತಾಳೆಯ ಕೊಳವೆಯ ಮೂಲಕ ಕಾಳುಗಳನ್ನು ಒಂದೊಂದಾಗಿ ಎನ್ನುವಷ್ಟು ನಿಧಾನವಾಗಿ ಸುರಿದರು. ಹಾಗೆ ಬಿದ್ದರೆ ಕಾಳು ಒತ್ತಾಗಿ ಕೂರುತ್ತದಂತೆ. ಅದರ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಜಿಡ್ಡು ಹಚ್ಚಿದ ಗುಂಡು. ಮದುವೆಯ ಮನೆಯಲ್ಲಿ ಅಜ್ಜಿಯರು ಎಲೆಯಡಕೆ ಜೋಡಿಸುವಾಗಿನ ಶ್ರದ್ಧೆ ಅವರ ಕೈಯಲ್ಲಿತ್ತು. ಗುರಿ 800 ಗಜದಾಚೆ, ಬಫೆಲೊ ಆಕಾರದಲ್ಲಿ ಕತ್ತರಿಸಿದ ಕಬ್ಬಿಣದ ತಗಡು. ಬರಿಗಣ್ಣಿಗೆ ಅದೊಂದು ಇರುವೆ. ಹೊಡೆದಾಗ ಈಗಿನ ಕೋವಿಗಳ ಹಾಗೆ ಕಿವಿ ಸೀಳುವ ಸದ್ದಾಗಲಿಲ್ಲ. ಧೊಂ ಎಂದು ದೇವಸ್ಥಾನದ ಹಳೆಯ ನಗಾರಿಯಂತೆ ಗುಡುಗಿತು. ಬಿಳಿಯ ಹೊಗೆ ನಮ್ಮನ್ನೆಲ್ಲ ಮುಚ್ಚಿ, ದೀಪಾವಳಿಯ ಪಟಾಕಿಯದೂ ಕೊಳೆತ ಮೊಟ್ಟೆಯದೂ ಸೇರಿದಂಥ ವಾಸನೆ ಹಬ್ಬಿತು. ಅವರು ಎದ್ದು ಕುಳಿತು ತೋಟೆಯನ್ನು ಹೊರತೆಗೆದು, ಹಿಂಬದಿಗೆ ಒಂದು ಕೊಳವೆ ಸಿಕ್ಕಿಸಿ, ಮಸಿ ಗಟ್ಟಿಯಾಗದಿರಲೆಂದು ನಳಿಗೆಯೊಳಕ್ಕೆ ತಮ್ಮ ಉಸಿರನ್ನು ಊದತೊಡಗಿದರು. ಕಬ್ಬಿಣದ ಬಫೆಲೊ ಠಣ್ಣೆಂದದ್ದು ನಮ್ಮ ಕಿವಿಗೆ ಬಂದದ್ದು ಅದಾದ ಮೇಲೆ.